ಲ್ಯಾಪ್‌ಟಾಪ್‌ನಲ್ಲಿ ಓಡುವ ಮಂಡಿ ಆ್ಯಪ್ ಸರ್ವರ್‌ನಲ್ಲಿ 'ಮಾಡ್ಯೂಲ್ ಇಲ್ಲ' ಅನ್ನುತ್ತಿದೆ, ಯಾರಾದರೂ ನೋಡಿ

ಕೋಲಾರ ಮಂಡಿ ಹುಡುಗ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಎರರ್ ಜೊತೆ ಗುದ್ದಾಡುತ್ತಿದ್ದೇನೆ.

ನಮ್ಮ ಮಾವನಿಗೆ ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇದೆ. ಹರಾಜು ಮುಗಿದ ಮೇಲೆ ಯಾವ ರೈತರದು ಎಷ್ಟು ಬಾಕ್ಸ್, ಯಾವ ದರಕ್ಕೆ ಹೋಯಿತು, ಲಾರಿ ಬಾಡಿಗೆ, ಹಮಾಲಿ ಕಳೆದು ಕೈಗೆ ಎಷ್ಟು ಅಂತ ಬಿಲ್ಲು ಬರೆಯುವುದರಲ್ಲೇ ಮಧ್ಯಾಹ್ನ ಆಗಿಬಿಡುತ್ತದೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತ್ತಲ್ಲ, ಆಗ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೂ ದೊಡ್ಡ ಜಗಳ. ಆ ಹೊತ್ತಲ್ಲೇ ನಾನು ಫ್ಲಾಸ್ಕ್‌ನಲ್ಲಿ (ವೆಬ್ ಆ್ಯಪ್ ಕಟ್ಟುವ ಪೈಥಾನ್ ಲೈಬ್ರರಿ) ಒಂದು ಚಿಕ್ಕ ಆ್ಯಪ್ ಬರೆದೆ. ಇಷ್ಟು ದಿನ ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲೇ ಚೆನ್ನಾಗಿ ಓಡುತ್ತಿತ್ತು. ಈಗ ಮಾವನೂ ಗುಮಾಸ್ತರೂ ಮೊಬೈಲ್‌ನಲ್ಲೇ ನೋಡಬೇಕು ಅಂದರು. ಅದಕ್ಕೆ ಉಬುಂಟು 24.04 (ಲಿನಕ್ಸ್‌ನ ಒಂದು ರೂಪ) ಇರುವ ಸರ್ವರ್ ಒಂದನ್ನು ಬಾಡಿಗೆಗೆ ತಗೊಂಡೆ.

ಕೋಡನ್ನು ಗಿಟ್‌ನಿಂದ (ಕೋಡಿನ ಬದಲಾವಣೆಗಳನ್ನು ಕಾಪಾಡುವ ಸಾಧನ) ಇಳಿಸಿದೆ. ವೆನ್ವ್, ಅಂದರೆ ಈ ಆ್ಯಪ್‌ಗೇ ಪ್ರತ್ಯೇಕವಾದ ಪೈಥಾನ್ ಜಾಗ, ಮಾಡಿದೆ. ಬೇಕಾದ ಲೈಬ್ರರಿಗಳ ಪಟ್ಟಿ ಇರುವ ರಿಕ್ವೈರ್‌ಮೆಂಟ್ಸ್ ಫೈಲ್ ಕೊಟ್ಟು ಪಿಪ್‌ನಿಂದ (ಪೈಥಾನ್ ಲೈಬ್ರರಿ ಹಾಕುವ ಸಾಧನ) ಇನ್‌ಸ್ಟಾಲ್ ಮಾಡಿದೆ. ಸರ್ವರ್‌ನಲ್ಲಿ ಆ್ಯಪ್ ಓಡಿಸುವ ಗುನಿಕಾರ್ನ್ ಹಾಕಿ, ಅದನ್ನು ತಾನಾಗಿ ಸ್ಟಾರ್ಟ್ ಮಾಡಲು ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವುದು) ಸರ್ವಿಸ್ ಬರೆದೆ. ಸ್ಟಾರ್ಟ್ ಮಾಡಿದರೆ ಇಷ್ಟೇ ಬರುತ್ತದೆ:

'ಮಾಡ್ಯೂಲ್‌ನಾಟ್‌ಫೌಂಡ್‌ಎರರ್: ನೋ ಮಾಡ್ಯೂಲ್ ನೇಮ್ಡ್ ಫ್ಲಾಸ್ಕ್'

ಅಂದರೆ ಫ್ಲಾಸ್ಕ್ ಅನ್ನುವ ಮಾಡ್ಯೂಲ್ (ಕೋಡಿನ ಕಟ್ಟು) ಸಿಗಲಿಲ್ಲ ಅಂತ. ಪಿಪ್ ಲಿಸ್ಟ್‌ನಲ್ಲಿ ಫ್ಲಾಸ್ಕ್ ಇದೆ, ಕಣ್ಣಾರೆ ನೋಡಿದ್ದೇನೆ. ಆದರೂ ಇಲ್ಲ ಅನ್ನುತ್ತದೆ. ಮೊಬೈಲ್‌ನಲ್ಲಿ ಕನ್ನಡ ಕೀಬೋರ್ಡ್ ಇರುವುದರಿಂದ ಎರರ್‌ಗಳನ್ನೂ ಕನ್ನಡದಲ್ಲೇ ಹಾಕುತ್ತಿದ್ದೇನೆ. ಜೂನ್ ಬಂದರೆ ಮಾಲು ಜಾಸ್ತಿ ಆಗುತ್ತದೆ, ಅಷ್ಟರಲ್ಲಿ ಇದು ಓಡಬೇಕು.

ಬಂಗಾರಪೇಟೆ ಲೋಕಲ್ · ರಾತ್ರಿ 9:52

ವೆನ್ವ್ ಎಲ್ಲ ಬಿಟ್ಟುಬಿಡಿ. ಸುಡೋ ಹಾಕಿ, ಪಿಪ್‌ಗೆ 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಆಪ್ಷನ್ ಕೊಟ್ಟು ನೇರವಾಗಿ ಇನ್‌ಸ್ಟಾಲ್ ಮಾಡಿ. ಎರಡೇ ನಿಮಿಷದ ಕೆಲಸ.

ಕ್ಯಾತ್ಸಂದ್ರ ಕೋಡ್ · ರಾತ್ರಿ 10:01

ದಯವಿಟ್ಟು ಹಾಗೆ ಮಾಡಬೇಡಿ. ಆ ಆಪ್ಷನ್‌ನ ಹೆಸರಲ್ಲೇ 'ಬ್ರೇಕ್' ಅಂತ ಇದೆಯಲ್ಲ. ಉಬುಂಟು ತನ್ನ ಎಷ್ಟೋ ಕೆಲಸಕ್ಕೆ ಅದೇ ಪೈಥಾನ್ ಬಳಸುತ್ತದೆ. ನೀವು ಅದರ ಮೇಲೆ ಬೇರೆ ವರ್ಷನ್ ಲೈಬ್ರರಿ ಸುರಿದರೆ ನಾಳೆ ಎಪಿಟಿ (ಉಬುಂಟು ತನ್ನ ಸಾಫ್ಟ್‌ವೇರ್ ಹಾಕುವ ಸಾಧನ) ಅಪ್‌ಡೇಟ್ ಮಾಡುವಾಗ ಇನ್ನೊಂದು ಕಡೆ ಒಡೆಯುತ್ತದೆ. ಪೆಪ್ 668 (ಪೈಥಾನ್‌ನ ಒಂದು ನಿಯಮಪತ್ರ) ಬಂದಿದ್ದೇ ಇದನ್ನು ತಡೆಯುವುದಕ್ಕೆ. 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್' ಅಂತ ಪಿಪ್ ತಡೆಯುತ್ತದಲ್ಲ, ಅದು ನಮ್ಮ ಒಳ್ಳೆಯದಕ್ಕೇ.

ಮಂಡಿ ಹುಡುಗ, ಒಂದು ಪ್ರಶ್ನೆ. ಗುನಿಕಾರ್ನ್ ಅನ್ನು ಹೇಗೆ ಹಾಕಿದಿರಿ? ಪಿಪ್‌ನಿಂದಲಾ, ಎಪಿಟಿಯಿಂದಲಾ?

ಕೋಲಾರ ಮಂಡಿ ಹುಡುಗ · ರಾತ್ರಿ 10:05

ಎಪಿಟಿಯಿಂದ. ಟರ್ಮಿನಲ್‌ನಲ್ಲಿ ಗುನಿಕಾರ್ನ್ ಅಂತ ಹೊಡೆದಾಗ ಇಲ್ಲ ಅಂತು, ಅದೇ ಎಪಿಟಿ ಇನ್‌ಸ್ಟಾಲ್ ಮಾಡಿ ಅಂತ ತೋರಿಸಿತು. ಹಾಗೇ ಮಾಡಿದೆ.

ಕ್ಯಾತ್ಸಂದ್ರ ಕೋಡ್ · ರಾತ್ರಿ 10:14

ಸಿಕ್ಕಿತು. ಹೀಗೆ ಯೋಚನೆ ಮಾಡಿ. ನಿಮ್ಮ ಸರ್ವರ್‌ನಲ್ಲಿ ಈಗ ಎರಡು ಪೈಥಾನ್ ಮನೆಗಳಿವೆ. ಒಂದು ಉಬುಂಟು ಮನೆ, ಇನ್ನೊಂದು ನಿಮ್ಮ ವೆನ್ವ್ ಮನೆ. ಫ್ಲಾಸ್ಕ್ ಇರುವುದು ವೆನ್ವ್ ಮನೆಯಲ್ಲಿ. ಎಪಿಟಿಯಿಂದ ಬಂದ ಗುನಿಕಾರ್ನ್ ಇರುವುದು ಉಬುಂಟು ಮನೆಯಲ್ಲಿ. ಅದು ತನ್ನ ಮನೆಯಲ್ಲಿ ಫ್ಲಾಸ್ಕ್ ಹುಡುಕುತ್ತದೆ, ಅಲ್ಲಿ ಇಲ್ಲ. ಪಿಪ್ ಲಿಸ್ಟ್ ತೋರಿಸಿದ್ದು ಈ ಮನೆಯ ಸಾಮಾನು. ಎರರ್ ಬಂದಿದ್ದು ಆ ಮನೆಯಿಂದ. ಎರಡೂ ನಿಜವೇ.

ನಂಬಿಕೆ ಬರದಿದ್ದರೆ ಯುಎಸ್ಆರ್ ಬಿನ್ ಒಳಗಿರುವ ಗುನಿಕಾರ್ನ್ ಫೈಲಿನ ಮೊದಲ ಸಾಲನ್ನು 'ಹೆಡ್' ಕಮಾಂಡ್‌ನಿಂದ ನೋಡಿ. ಅದು ಯಾವ ಪೈಥಾನ್‌ನಿಂದ ಓಡುತ್ತದೆ ಅಂತ ಅಲ್ಲೇ ಬರೆದಿರುತ್ತದೆ.

ಸರಿ ಮಾಡಬೇಕಾದರೆ ವೆನ್ವ್ ಒಳಗಿನ ಪೈಥಾನ್‌ನಿಂದಲೇ 'ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಗುನಿಕಾರ್ನ್' ಕೊಡಿ. ಆಮೇಲೆ ಸರ್ವಿಸ್ ಫೈಲ್‌ನ 'ಎಕ್ಸೆಕ್‌ಸ್ಟಾರ್ಟ್' ಸಾಲಿನಲ್ಲಿ ವೆನ್ವ್‌ನ ಬಿನ್ ಫೋಲ್ಡರ್‌ನಲ್ಲಿರುವ ಗುನಿಕಾರ್ನ್‌ನ ಪೂರ್ತಿ ದಾರಿ ಬರೆಯಿರಿ. ಸರ್ವಿಸ್ ಫೈಲ್‌ನಲ್ಲಿ ವೆನ್ವ್ ಅನ್ನು ಆ್ಯಕ್ಟಿವೇಟ್ ಮಾಡುವ ಅಗತ್ಯವೇ ಇಲ್ಲ. ನೀವು ಟರ್ಮಿನಲ್‌ನಲ್ಲಿ ಮಾಡಿದ ಆ್ಯಕ್ಟಿವೇಟ್ ಆ ಟರ್ಮಿನಲ್‌ಗೆ ಮಾತ್ರ. ಸಿಸ್ಟಮ್‌ಡಿಗೆ ಅದು ಗೊತ್ತೇ ಆಗುವುದಿಲ್ಲ.

ಸಿರಾ ಸೀಮೆ · ರಾತ್ರಿ 10:20

+1. ಪಿಪ್ ಅಂತ ಬರೀ ಹೊಡೆಯುವ ಬದಲು ಯಾವಾಗಲೂ 'ಪೈಥಾನ್ -ಎಂ ಪಿಪ್' ಅಂತ ಹೊಡೆಯಿರಿ. ಯಾವ ಪೈಥಾನ್‌ಗೆ ಹೋಗುತ್ತಿದೆ ಅಂತ ಗೊಂದಲವೇ ಇರುವುದಿಲ್ಲ.

ಕೋಲಾರ ಮಂಡಿ ಹುಡುಗ · ರಾತ್ರಿ 10:41

ಮಾಡಿದೆ ಅಣ್ಣ. ಅದೇ ಎರರ್ ಮತ್ತೆ ಬಂತು. ಎಕ್ಸೆಕ್‌ಸ್ಟಾರ್ಟ್ ಬದಲಾಯಿಸಿ ರೀಸ್ಟಾರ್ಟ್ ಕೊಟ್ಟೆ.

ಸಿರಾ ಸೀಮೆ · ರಾತ್ರಿ 10:43

'ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್' ಕೊಟ್ಟಿರಾ? ಅದು ಕೊಡದಿದ್ದರೆ ಹಳೇ ಫೈಲನ್ನೇ ಓದಿಕೊಂಡಿರುತ್ತದೆ.

ಕೋಲಾರ ಮಂಡಿ ಹುಡುಗ · ರಾತ್ರಿ 10:50

ಕೊಟ್ಟಿರಲಿಲ್ಲ. ಈಗ ಕೊಟ್ಟೆ. ಫ್ಲಾಸ್ಕ್ ಎರರ್ ಹೋಯಿತು! ತುಂಬಾ ಥ್ಯಾಂಕ್ಸ್. ಆದರೆ ಈಗ ಹೊಸದೊಂದು ಬಂತು:

'ಇಂಪೋರ್ಟ್‌ಎರರ್: ಕೆನಾಟ್ ಇಂಪೋರ್ಟ್ ನೇಮ್ ಯುಆರ್‌ಎಲ್_ಕೋಟ್ ಫ್ರಮ್ ವೆರ್ಕ್‌ಜೂಗ್.ಯುಆರ್‌ಎಲ್ಸ್'

ನಾನು ವೆರ್ಕ್‌ಜೂಗ್ ಅಂತ ಎಲ್ಲೂ ಬರೆದೇ ಇಲ್ಲ. ಇದು ಯಾವುದು?

ಬಂಗಾರಪೇಟೆ ಲೋಕಲ್ · ರಾತ್ರಿ 10:55

ನೋಡಿ, ನಾನು ಹೇಳಿದ ಹಾಗೆ ಮಾಡಿದ್ದರೆ ಇಷ್ಟು ಹೊತ್ತಿಗೆ ಊಟ ಮಾಡಿ ಮಲಗಬಹುದಿತ್ತು.

ಕ್ಯಾತ್ಸಂದ್ರ ಕೋಡ್ · ರಾತ್ರಿ 10:58

ಇಲ್ಲ, ನಿಮ್ಮ ದಾರಿಯಲ್ಲಿ ಹೋಗಿದ್ದರೂ ಇದೇ ಎರರ್ ಬರುತ್ತಿತ್ತು. ಇದಕ್ಕೂ ವೆನ್ವ್‌ಗೂ ಸಂಬಂಧವೇ ಇಲ್ಲ.

ಮುಳಬಾಗಿಲು ಮೇಷ್ಟ್ರು · ರಾತ್ರಿ 11:10

ಇದು ತುಂಬಾ ಜನಕ್ಕೆ ಬಂದಿರುವ ಎರರ್, ಸ್ವಲ್ಪ ಬಿಡಿಸಿ ಹೇಳುತ್ತೇನೆ. ವೆರ್ಕ್‌ಜೂಗ್ ಅಂದರೆ ಜರ್ಮನ್‌ನಲ್ಲಿ ಸಲಕರಣೆ. ಫ್ಲಾಸ್ಕ್ ನಿಂತಿರುವುದೇ ಅದರ ಮೇಲೆ. ನೀವು ಕೇಳದಿದ್ದರೂ ಫ್ಲಾಸ್ಕ್ ಜೊತೆ ತಾನಾಗಿ ಬರುತ್ತದೆ.

ಎರಡು ಥರದ ಎರರ್‌ಗೂ ವ್ಯತ್ಯಾಸ ನೋಡಿ. ಮೊದಲು ಬಂದಿದ್ದು 'ಮಾಡ್ಯೂಲೇ ಇಲ್ಲ' ಅಂತ. ಈಗ ಬಂದಿರುವುದು 'ಮಾಡ್ಯೂಲ್ ಇದೆ, ಅದರೊಳಗೆ ಈ ಹೆಸರು ಇಲ್ಲ' ಅಂತ. ಎರಡನೆಯದು ಬಂದರೆ ಮೊದಲು ವರ್ಷನ್ ಮೇಲೆ ಅನುಮಾನ ಪಡಬೇಕು.

ನಿಮ್ಮ ರಿಕ್ವೈರ್‌ಮೆಂಟ್ಸ್ ಫೈಲ್‌ನಲ್ಲಿ ಏನಿದೆ ಹೇಳಿ. ಫ್ಲಾಸ್ಕ್ 2.2.2 ಅಂತ ಇದೆಯಾ?

ಕೋಲಾರ ಮಂಡಿ ಹುಡುಗ · ರಾತ್ರಿ 11:13

ಹೌದು ಸರ್! ಅದೊಂದೇ ಸಾಲು. ಒಂದು ವಿಡಿಯೋ ನೋಡಿ ಕೈಯಲ್ಲೇ ಬರೆದಿದ್ದೆ. ನಿಮಗೆ ಹೇಗೆ ಗೊತ್ತಾಯಿತು?

ಮುಳಬಾಗಿಲು ಮೇಷ್ಟ್ರು · ರಾತ್ರಿ 11:24

ಎರರ್ ನೋಡಿದರೆ ಗೊತ್ತಾಗುತ್ತದೆ. ಫ್ಲಾಸ್ಕ್ 2.2.2 ತನಗೆ ವೆರ್ಕ್‌ಜೂಗ್ 2.2.2 ಅಥವಾ ಅದಕ್ಕಿಂತ ಹೊಸದು ಬೇಕು ಅನ್ನುತ್ತದೆ. ಎಲ್ಲಿಯವರೆಗೆ ಅಂತ ಹೇಳುವುದಿಲ್ಲ. ನೀವು 2023ರ ಜುಲೈನಲ್ಲಿ ಲ್ಯಾಪ್‌ಟಾಪ್‌ನಲ್ಲಿ ಹಾಕಿದಾಗ ವೆರ್ಕ್‌ಜೂಗ್ 2.3 ಸಾಲಿನದು ಬಂದಿರುತ್ತದೆ. ಅದರಲ್ಲಿ ಆ ಹೆಸರು ಇತ್ತು. ವೆರ್ಕ್‌ಜೂಗ್ 3.0 ಬಂದಿದ್ದು 2023ರ ಸೆಪ್ಟೆಂಬರ್ 30ಕ್ಕೆ. ಅದರಲ್ಲಿ ತೆಗೆದುಹಾಕಿದರು. ಈಗ ಸರ್ವರ್‌ನಲ್ಲಿ ಪಿಪ್ ಹೊಸದನ್ನೇ ತಂದಿದೆ. ಅಂದರೆ ನಿಮ್ಮ ಲ್ಯಾಪ್‌ಟಾಪ್ ಇನ್ನೂ ಆ ಜುಲೈನಲ್ಲೇ ಇದೆ, ಸರ್ವರ್ ಈವತ್ತಿನಲ್ಲಿದೆ.

ಈಗ ಎರಡು ದಾರಿ. ಫ್ಲಾಸ್ಕ್ ಅನ್ನು 3ಕ್ಕೆ ಏರಿಸುವುದು. ಇಲ್ಲವೇ ರಿಕ್ವೈರ್‌ಮೆಂಟ್ಸ್‌ನಲ್ಲಿ ವೆರ್ಕ್‌ಜೂಗ್ 3ಕ್ಕಿಂತ ಕಡಿಮೆ ಇರಲಿ ಅಂತ ಇನ್ನೊಂದು ಸಾಲು ಸೇರಿಸುವುದು.

ನಂದಿ ತಪ್ಪಲು · ರಾತ್ರಿ 11:30

ಏರಿಸಿ. ಹಳೇ ವರ್ಷನ್ ಹಿಡಿದು ಕೂತರೆ ಸೆಕ್ಯುರಿಟಿ ಫಿಕ್ಸ್ ಬರುವುದಿಲ್ಲ. ದುಡ್ಡಿನ ಲೆಕ್ಕ ಇಟ್ಟಿರುವ ಆ್ಯಪ್ ಬೇರೆ.

ಕ್ಯಾತ್ಸಂದ್ರ ಕೋಡ್ · ರಾತ್ರಿ 11:36

ಒಪ್ಪುತ್ತೇನೆ, ಆದರೆ ಈ ರಾತ್ರಿ ಬೇಡ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ವೆರ್ಕ್‌ಜೂಗ್ ಹಿಡಿದಿಟ್ಟು ಆ್ಯಪ್ ಏಳುವಂತೆ ಮಾಡಿ. ಆಮೇಲೆ ಬಿಡುವಾಗಿ ಫ್ಲಾಸ್ಕ್ 3 ಹಾಕಿ. ಈಗಲೇ ಏರಿಸಿದರೆ ಮುಂದೆ ಬರುವ ಎರರ್ ಹಳೇ ಕಾರಣಕ್ಕೆ ಬಂತಾ, ಹೊಸ ಕಾರಣಕ್ಕೆ ಬಂತಾ ಅಂತ ತಿಳಿಯುವುದಿಲ್ಲ.

ನಂದಿ ತಪ್ಪಲು · ರಾತ್ರಿ 11:38

'ಆಮೇಲೆ' ಅಂದಿದ್ದು ಯಾವತ್ತೂ ಆಗುವುದಿಲ್ಲ ಸರ್, ನನ್ನ ಆಫೀಸಿನಲ್ಲಿ ದಿನಾ ನೋಡುತ್ತಿದ್ದೇನೆ.

ತಿಪಟೂರು ತೆಂಗು · ಸೋಮವಾರ ಬೆಳಗ್ಗೆ 6:15

ರಾತ್ರಿ ಓದುತ್ತಾ ಮಲಗಿಬಿಟ್ಟೆ. ಇಂಪೋರ್ಟ್ ಎರರ್ ಅಂದಾಗ ನನಗೆ ಆಗಿದ್ದೊಂದು ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು.

ತುಮಕೂರಿನ ಒಂದು ಕ್ಲಿನಿಕ್‌ಗೆ ರೋಗಿಗಳ ಟೋಕನ್ ನಂಬರ್ ತೋರಿಸುವ ಆ್ಯಪ್ ಮಾಡುತ್ತಿದ್ದೆ. ಸಹಜವಾಗಿ ಆ ಫೈಲಿಗೆ 'ಟೋಕನ್.ಪಿವೈ' ಅಂತ ಹೆಸರಿಟ್ಟೆ. ಅವತ್ತಿನಿಂದ ಏನು ಓಡಿಸಿದರೂ ಎರರ್. ಅದೂ ನನ್ನ ಕೋಡಿನಲ್ಲಲ್ಲ, ಪೈಥಾನ್‌ನ ಒಳಗೆ ಎಲ್ಲೋ. 'ಎಕ್ಸಾಕ್ಟ್ ಟೋಕನ್ ಟೈಪ್ಸ್' ಇಂಪೋರ್ಟ್ ಮಾಡಲು ಆಗಲಿಲ್ಲ ಅಂತ. ಪೈಥಾನ್ ಕೆಟ್ಟಿದೆ ಅಂದುಕೊಂಡು ಎರಡು ಸಲ ಅನ್‌ಇನ್‌ಸ್ಟಾಲ್ ಮಾಡಿ ಹಾಕಿದೆ. ಏನೂ ಬದಲಾಗಲಿಲ್ಲ.

ವಿಷಯ ಏನಂದರೆ, ಪೈಥಾನ್‌ನ ಒಳಗೇ 'ಟೋಕನ್' ಅನ್ನುವ ಮಾಡ್ಯೂಲ್ ಇದೆ. ಸ್ಕ್ರಿಪ್ಟ್ ಓಡಿಸಿದಾಗ ಪೈಥಾನ್ ಮೊದಲು ಹುಡುಕುವುದು ಆ ಸ್ಕ್ರಿಪ್ಟ್ ಇರುವ ಫೋಲ್ಡರ್‌ನಲ್ಲಿ. ಅಲ್ಲಿ ನನ್ನ ಟೋಕನ್ ಫೈಲ್ ಸಿಕ್ಕಿತು, ಅದನ್ನೇ ತಗೊಂಡಿತು. ಅಸಲಿ ಟೋಕನ್‌ನ ಹತ್ತಿರ ಹೋಗಲೇ ಇಲ್ಲ. ಹೆಸರನ್ನು 'ಸರದಿ.ಪಿವೈ' ಅಂತ ಬದಲಾಯಿಸಿದೆ, ಎಲ್ಲ ಸರಿಹೋಯಿತು.

ಗೌರಿಬಿದನೂರು ಗೆಳತಿ · ಬೆಳಗ್ಗೆ 6:40

ಅಯ್ಯೋ, ನಾನು 'ಇಮೇಲ್.ಪಿವೈ' ಅಂತ ಇಟ್ಟಿದ್ದೆ! ಎರಡು ದಿನ ಹೋಯಿತು. ಫೈನಲ್ ಇಯರ್ ಪ್ರಾಜೆಕ್ಟ್ ಡೆಮೋ ಹಿಂದಿನ ದಿನ ಬೇರೆ.

ಸಿರಾ ಸೀಮೆ · ಬೆಳಗ್ಗೆ 7:02

ಪೈಥಾನ್ 3.13ರಲ್ಲಿ ಇದಕ್ಕೆ ಒಳ್ಳೆ ಸಂದೇಶ ಕೊಟ್ಟಿದ್ದಾರೆ. ನಿಮ್ಮ ಫೈಲಿನ ಹೆಸರು ಸ್ಟ್ಯಾಂಡರ್ಡ್ ಲೈಬ್ರರಿಯ ಹೆಸರಿನ ಜೊತೆ ಸೇರಿಕೊಂಡಿದೆ, ಬದಲಾಯಿಸಿ ನೋಡಿ ಅಂತ ಅದೇ ಹೇಳುತ್ತದೆ. ಹೊಸದಾಗಿ ಕಲಿಯುವವರಿಗೆ ಎಷ್ಟು ಸಮಯ ಉಳಿಯುತ್ತದೆ ಅಲ್ವಾ.

ಗೌರಿಬಿದನೂರು ಗೆಳತಿ · ಬೆಳಗ್ಗೆ 7:10

ಇನ್ನೊಂದು ಸಂಗತಿ. ಪಿಪ್‌ನಲ್ಲಿ ಕೊಡುವ ಹೆಸರು ಒಂದು, ಇಂಪೋರ್ಟ್ ಮಾಡುವ ಹೆಸರು ಇನ್ನೊಂದು ಇರುತ್ತದೆ. 'ಪಿಲ್ಲೋ' ಹಾಕಿದರೆ ಇಂಪೋರ್ಟ್ ಮಾಡುವುದು 'ಪಿಐಎಲ್'. 'ಪೈಯಾಮಲ್' ಹಾಕಿದರೆ 'ಯಾಮಲ್'. 'ಬ್ಯೂಟಿಫುಲ್‌ಸೂಪ್4' ಹಾಕಿದರೆ 'ಬಿಎಸ್4'. 'ಪೈಥಾನ್-ಡಾಟ್‌ಎನ್ವ್' ಹಾಕಿದರೆ ಬರೀ 'ಡಾಟ್‌ಎನ್ವ್'. ನಮಗೆ ಇದನ್ನು ಯಾರೂ ಹೇಳಿಕೊಡಲಿಲ್ಲ. ಎರರ್‌ನಲ್ಲಿ ಬಂದ ಹೆಸರನ್ನೇ ಪಿಪ್‌ಗೆ ಕೊಡುತ್ತಿದ್ದೆವು.

ಕ್ಯಾತ್ಸಂದ್ರ ಕೋಡ್ · ಬೆಳಗ್ಗೆ 7:25

ಅದು ಅಪಾಯ ಕೂಡ. ಪೈಪಿಐನಲ್ಲಿ (ಪಿಪ್ ಲೈಬ್ರರಿ ತರುವ ಆನ್‌ಲೈನ್ ಕಣಜ) ಯಾರು ಬೇಕಾದರೂ ಬೇರೆಯವರು ತಗೊಳ್ಳದ ಹೆಸರಲ್ಲಿ ಪ್ಯಾಕೇಜ್ ಹಾಕಬಹುದು. ಜನ ತಪ್ಪಾಗಿ ಹೊಡೆಯುವ ಹೆಸರುಗಳನ್ನೇ ಹುಡುಕಿ ಕೆಟ್ಟ ಕೋಡ್ ಹಾಕುವವರಿದ್ದಾರೆ. ಆ ಲೈಬ್ರರಿಯ ಸ್ವಂತ ಡಾಕ್ಯುಮೆಂಟ್ ನೋಡಿ, ಅಲ್ಲಿ ಬರೆದಿರುವ ಹೆಸರನ್ನೇ ಕೊಡಿ.

ಕೋಲಾರ ಮಂಡಿ ಹುಡುಗ · ಬೆಳಗ್ಗೆ 11:48

ಹರಾಜು ಮುಗಿಸಿ ಈಗ ಕೂತೆ. ರಾತ್ರಿಯೇ ವೆರ್ಕ್‌ಜೂಗ್ 3ಕ್ಕಿಂತ ಕಡಿಮೆ ಅಂತ ಹಾಕಿದ್ದೆ, ಆ ಎರರ್ ಹೋಯಿತು. ಮೇಷ್ಟ್ರಿಗೆ ಕೈಮುಗಿಯುತ್ತೇನೆ. ನೀವು ಹೇಳಿದ ಹಾಗೇ ಲ್ಯಾಪ್‌ಟಾಪ್‌ನಲ್ಲಿ 2.3 ಇದೆ.

ಆದರೆ ಈಗ ಮೂರನೆಯದು. ನನ್ನ ಆ್ಯಪ್ ಫೈಲಿನ ಏಳನೇ ಸಾಲು ತೋರಿಸುತ್ತಿದೆ. ಅಲ್ಲಿ 'ಲಿಬ್' ಫೋಲ್ಡರ್‌ನ 'ರೇಟ್ಸ್' ಫೈಲಿಂದ ಫಂಕ್ಷನ್ ಇಂಪೋರ್ಟ್ ಮಾಡಿದ್ದೇನೆ.

'ಮಾಡ್ಯೂಲ್‌ನಾಟ್‌ಫೌಂಡ್‌ಎರರ್: ನೋ ಮಾಡ್ಯೂಲ್ ನೇಮ್ಡ್ ಲಿಬ್'

ಕೊನೆಗೆ 'ವರ್ಕರ್ ಫೇಲ್ಡ್ ಟು ಬೂಟ್' ಅಂತ ಹೇಳಿ ನಿಂತುಬಿಡುತ್ತದೆ. ಇದು ಪಿಪ್‌ನಿಂದ ಬಂದಿದ್ದಲ್ಲ, ನಾನೇ ಬರೆದ ಫೋಲ್ಡರ್. ಬಾಕ್ಸ್ ದರದ ಲೆಕ್ಕ, ಬಿಲ್ಲಿನ ಲೆಕ್ಕ ಎರಡೂ ಅದರಲ್ಲೇ ಇದೆ.

ಬಂಗಾರಪೇಟೆ ಲೋಕಲ್ · ಮಧ್ಯಾಹ್ನ 12:05

ಆ ಫೋಲ್ಡರ್‌ನಲ್ಲಿ 'ಇನಿಟ್' ಫೈಲ್ (ಇದು ಪೈಥಾನ್ ಪ್ಯಾಕೇಜ್ ಅಂತ ಗುರುತು ಹೇಳುವ ಫೈಲ್) ಇಲ್ಲ ಅನ್ನಿಸುತ್ತದೆ. ಖಾಲಿ ಇನಿಟ್ ಫೈಲ್ ಒಂದನ್ನು ಇಡಿ.

ಸಿರಾ ಸೀಮೆ · ಮಧ್ಯಾಹ್ನ 12:11

ವಿಂಡೋಸ್‌ನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಲ್ಲ ಒಂದೇ. ಲಿನಕ್ಸ್‌ನಲ್ಲಿ ಬೇರೆ ಬೇರೆ. ಫೋಲ್ಡರ್ ಹೆಸರು ದೊಡ್ಡ ಎಲ್‌ನಿಂದ ಶುರುವಾಗಿ, ಕೋಡಿನಲ್ಲಿ ಚಿಕ್ಕ ಎಲ್ ಇರಬಹುದು. ಲ್ಯಾಪ್‌ಟಾಪ್‌ನಲ್ಲಿ ಓಡಿ ಸರ್ವರ್‌ನಲ್ಲಿ ಓಡದಿದ್ದರೆ ಅದೇ ಕಾರಣ.

ಮುಳಬಾಗಿಲು ಮೇಷ್ಟ್ರು · ಮಧ್ಯಾಹ್ನ 12:30

ಎರಡಕ್ಕೂ ಸ್ವಲ್ಪ ತಿದ್ದುಪಡಿ.

ಪೈಥಾನ್ 3.3ರಿಂದ ಇನಿಟ್ ಫೈಲ್ ಇಲ್ಲದಿದ್ದರೂ ಫೋಲ್ಡರ್ ಇಂಪೋರ್ಟ್ ಆಗುತ್ತದೆ. ಇಟ್ಟರೆ ಒಳ್ಳೆಯದು, ನಾನೂ ಇಡುತ್ತೇನೆ. ಆದರೆ ಅದಿಲ್ಲ ಅನ್ನುವ ಒಂದೇ ಕಾರಣಕ್ಕೆ ಈ ಎರರ್ ಬರುವುದಿಲ್ಲ.

ಅಕ್ಷರದ ವಿಷಯ. ಫೈಲ್ ತೆರೆಯುವಾಗ ವಿಂಡೋಸ್ ದೊಡ್ಡದು ಚಿಕ್ಕದು ನೋಡುವುದಿಲ್ಲ, ನಿಜ. ಆದರೆ ಇಂಪೋರ್ಟ್ ಮಾಡುವಾಗ ಪೈಥಾನ್ ವಿಂಡೋಸ್‌ನಲ್ಲೂ ಅಕ್ಷರ ನೋಡಿಯೇ ನೋಡುತ್ತದೆ. ಇದು 2001ರ ಪೈಥಾನ್ 2.1ರಿಂದ ಇರುವ ನಿಯಮ, ಪೆಪ್ 235ರಲ್ಲಿದೆ. ಬೇಕಾದರೆ ನಿಮ್ಮ ವಿಂಡೋಸ್‌ನಲ್ಲೇ ಒಂದು ಫೈಲ್ ಮಾಡಿ ಪರೀಕ್ಷೆ ಮಾಡಿ.

ಸಿರಾ ಸೀಮೆ · ಮಧ್ಯಾಹ್ನ 12:44

ಪರೀಕ್ಷೆ ಮಾಡಿದೆ. ಮೇಷ್ಟ್ರು ಹೇಳಿದ್ದೇ ಸರಿ, ವಿಂಡೋಸ್‌ನಲ್ಲೂ ಎರರ್ ಬಂತು. ಆದರೆ ನನಗೆ ಹೋದ ವರ್ಷ ಇದೇ ತೊಂದರೆ ಆಗಿದ್ದು ಸುಳ್ಳಲ್ಲ. 'ಮಾಡೆಲ್ಸ್' ಫೈಲಿನ ದೊಡ್ಡ ಎಂ ಅನ್ನು ಚಿಕ್ಕದು ಮಾಡಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಓಡಿತು, ಸರ್ವರ್‌ನಲ್ಲಿ ಓಡಲಿಲ್ಲ. ಹಾಗಾದರೆ ಅದು ಯಾಕೆ ಹಾಗಾಯಿತು?

ಚಿಂತಾಮಣಿ ಅಕ್ಕ · ಮಧ್ಯಾಹ್ನ 1:02

ಅದು ಗಿಟ್ ಮಾಡಿದ ಕೆಲಸ. ವಿಂಡೋಸ್‌ನಲ್ಲಿ ಗಿಟ್ 'ಇಗ್ನೋರ್‌ಕೇಸ್' ಅನ್ನುವ ಸೆಟ್ಟಿಂಗ್ ಹಾಕಿಕೊಂಡಿರುತ್ತದೆ. ನೀವು ಬರೀ ಅಕ್ಷರದ ಗಾತ್ರ ಬದಲಾಯಿಸಿದರೆ ಅದಕ್ಕೆ ಬದಲಾವಣೆ ಅಂತಲೇ ಅನ್ನಿಸುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಹೆಸರು ಬದಲಾಗಿದೆ, ಗಿಟ್‌ನಲ್ಲಿ ಹಳೇ ಹೆಸರೇ ಇದೆ, ಸರ್ವರ್‌ಗೆ ಹಳೇ ಹೆಸರೇ ಹೋಯಿತು. 'ಗಿಟ್ ಎಂವಿ' ಕೊಟ್ಟು ಹೆಸರು ಬದಲಾಯಿಸಿದ್ದರೆ ಈ ತೊಂದರೆ ಬರುತ್ತಿರಲಿಲ್ಲ.

ಮಂಡಿ ಹುಡುಗ, ನೀನು ಬೇರೇನೂ ಮಾಡಬೇಡಪ್ಪ. ಸರ್ವರ್‌ನಲ್ಲಿ ಆ ಆ್ಯಪ್ ಫೋಲ್ಡರ್ ಒಳಗೆ ಹೋಗಿ 'ಎಲ್ಎಸ್' ಹೊಡೆದು ಏನು ಬರುತ್ತದೆ ಹಾಕು.

ಮಾಲೂರು ಹೆಂಚು · ಮಧ್ಯಾಹ್ನ 1:05

ಇಷ್ಟೆಲ್ಲ ಯಾಕೆ? ಆ್ಯಪ್ ಫೈಲಿನ ಮೇಲ್ಗಡೆ 'ಸಿಸ್.ಪಾತ್.ಅಪೆಂಡ್' (ಪೈಥಾನ್ ಹುಡುಕುವ ಜಾಗಗಳ ಪಟ್ಟಿಗೆ ಸೇರಿಸುವ ಸಾಲು) ಹಾಕಿ ಫೋಲ್ಡರ್ ದಾರಿ ಕೊಟ್ಟುಬಿಡಿ. ನಾನು ಎಲ್ಲ ಪ್ರಾಜೆಕ್ಟ್‌ನಲ್ಲೂ ಅದನ್ನೇ ಮಾಡುವುದು.

ಕ್ಯಾತ್ಸಂದ್ರ ಕೋಡ್ · ಮಧ್ಯಾಹ್ನ 1:12

ಅದರಿಂದ ಕಾರಣ ಮುಚ್ಚಿಹೋಗುತ್ತದೆ. ಆ ದಾರಿ ನಿಮ್ಮ ಲ್ಯಾಪ್‌ಟಾಪ್‌ನ ಡಿ ಡ್ರೈವ್ ಆಗಿದ್ದರೆ ಸರ್ವರ್‌ನಲ್ಲಿ ಅದು ಎಲ್ಲಿಂದ ಬರಬೇಕು? ದಾರಿ ಕೊಡಲೇಬೇಕು ಅಂದರೆ ಸರ್ವಿಸ್ ಫೈಲ್‌ನಲ್ಲಿ 'ವರ್ಕಿಂಗ್ ಡೈರೆಕ್ಟರಿ' ಸರಿಯಾಗಿ ಕೊಡಿ. ಗುನಿಕಾರ್ನ್ ಅಲ್ಲಿಂದಲೇ ಹುಡುಕಲು ಶುರು ಮಾಡುತ್ತದೆ.

ಮಾಲೂರು ಹೆಂಚು · ಮಧ್ಯಾಹ್ನ 1:15

ನನ್ನ ಕೆಲಸ ಆಗುತ್ತಿದೆ ಸರ್, ನಾಲ್ಕು ವರ್ಷದಿಂದ.

ಕ್ಯಾತ್ಸಂದ್ರ ಕೋಡ್ · ಮಧ್ಯಾಹ್ನ 1:17

ಆಗಲಿ, ಸಂತೋಷ. ಆದರೆ ಹೊಸಬರಿಗೆ ಅದನ್ನು ಮೊದಲ ಔಷಧಿಯಾಗಿ ಕೊಡಬೇಡಿ ಅನ್ನುತ್ತಿದ್ದೇನೆ ಅಷ್ಟೇ.

ನಂದಿ ತಪ್ಪಲು · ಮಧ್ಯಾಹ್ನ 1:30

ಇದಕ್ಕೇ ನಾನು ಡಾಕರ್ ಬಳಸಿ ಅನ್ನುವುದು. ಲ್ಯಾಪ್‌ಟಾಪ್‌ನಲ್ಲಿ ಏನಿದೆಯೋ ಅದೇ ಸರ್ವರ್‌ಗೆ ಹೋಗುತ್ತದೆ. ಪೈಥಾನ್ ವರ್ಷನ್, ಲೈಬ್ರರಿ ವರ್ಷನ್ ಎಲ್ಲ ಒಂದೇ ಡಬ್ಬದಲ್ಲಿ.

ತಿಪಟೂರು ತೆಂಗು · ಮಧ್ಯಾಹ್ನ 1:41

ಒಂದು ಮಂಡಿಯ ಬಿಲ್ಲಿಗೆ ಡಾಕರ್ ಬೇಕಾ? ಅದನ್ನು ಕಲಿಯುವುದಕ್ಕೇ ಒಂದು ತಿಂಗಳು. ಅಷ್ಟರಲ್ಲಿ ಟೊಮೆಟೊ ಹಂಗಾಮೇ ಮುಗಿದಿರುತ್ತದೆ.

ನಂದಿ ತಪ್ಪಲು · ಮಧ್ಯಾಹ್ನ 1:44

ಒಂದು ತಿಂಗಳೆಲ್ಲ ಬೇಡ, ಎರಡು ಭಾನುವಾರ ಸಾಕು. ನಾನು ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಓಡಾಡುತ್ತಲೇ ಕಲಿತಿದ್ದು.

ಬಂಗಾರಪೇಟೆ ಲೋಕಲ್ · ಮಧ್ಯಾಹ್ನ 1:50

ಬಸ್ಸಿನಲ್ಲಿ ಸೀಟಾದರೂ ಸಿಗುತ್ತದೆ. ನಮ್ಮ ಮಾರಿಕುಪ್ಪಂ ಟ್ರೈನಲ್ಲಿ ಬೆಳಗ್ಗೆ ನಿಲ್ಲುವುದಕ್ಕೂ ಜಾಗ ಇರುವುದಿಲ್ಲ, ಲ್ಯಾಪ್‌ಟಾಪ್ ತೆಗೆಯುವ ಮಾತೆಲ್ಲಿ. ನಾನು ಮೊಬೈಲ್‌ನಲ್ಲಿ ಓದಿ ಓದಿ ಕಲಿತಿದ್ದು. ಅದಕ್ಕೇ ಎಷ್ಟೋ ವಿಷಯ ಅರ್ಧಂಬರ್ಧ ಗೊತ್ತು. ನಿನ್ನೆ ಹೇಳಿದ ಆ ಬ್ರೇಕ್ ಸಿಸ್ಟಮ್ ವಿಷಯ ಬೆಳಗ್ಗೆ ಟ್ರೈನಲ್ಲಿ ಪೂರ್ತಿ ಓದಿದೆ. ಕ್ಯಾತ್ಸಂದ್ರದವರು ಹೇಳಿದ್ದು ಸರಿ. ಅದನ್ನು ಯಾರೂ ಮಾಡಬೇಡಿ.

ಕ್ಯಾತ್ಸಂದ್ರ ಕೋಡ್ · ಮಧ್ಯಾಹ್ನ 1:53

ದೊಡ್ಡ ಮಾತು ಗುರು. ಬಂಗಾರಪೇಟೆಗೆ ಬಂದಾಗ ಪಾನಿಪುರಿ ನನ್ನ ಲೆಕ್ಕ.

ಗೌರಿಬಿದನೂರು ಗೆಳತಿ · ಮಧ್ಯಾಹ್ನ 1:55

ಆ ತಿಳಿ ನೀರಿನ ಪಾನಿಪುರಿನಾ? ನಾನೂ ಬರುತ್ತೇನೆ!

ಕೋಲಾರ ಮಂಡಿ ಹುಡುಗ · ಮಧ್ಯಾಹ್ನ 2:20

ಅಕ್ಕ, ಎಲ್ಎಸ್ ಹೊಡೆದೆ. ಆ್ಯಪ್ ಫೈಲ್ ಇದೆ, ರಿಕ್ವೈರ್‌ಮೆಂಟ್ಸ್ ಇದೆ, 'ಟೆಂಪ್ಲೇಟ್ಸ್' ಇದೆ, 'ಸ್ಟ್ಯಾಟಿಕ್' ಇದೆ, ವೆನ್ವ್ ಇದೆ. 'ಲಿಬ್' ಇಲ್ಲ! ಆ ಫೋಲ್ಡರೇ ಬಂದಿಲ್ಲ. ಆದರೆ ಲ್ಯಾಪ್‌ಟಾಪ್‌ನಲ್ಲಿ ಇದೆ. 'ಗಿಟ್ ಸ್ಟೇಟಸ್' ಕೊಟ್ಟರೆ ಎಲ್ಲ ಸರಿಯಾಗಿದೆ, ಕಮಿಟ್ ಮಾಡಲು (ಗಿಟ್‌ನಲ್ಲಿ ಉಳಿಸಲು) ಏನೂ ಬಾಕಿ ಇಲ್ಲ ಅನ್ನುತ್ತದೆ. ನಾನು ಯಾವತ್ತೂ ಅದನ್ನು ಡಿಲೀಟ್ ಮಾಡಿಲ್ಲ, ಆಣೆ.

ಚಿಂತಾಮಣಿ ಅಕ್ಕ · ಮಧ್ಯಾಹ್ನ 2:38

ಆಣೆ ಎಲ್ಲ ಬೇಡ, ತಪ್ಪು ನಿನ್ನದಲ್ಲ. ನನಗೂ ಹೀಗೇ ಆಗಿತ್ತು, ಅದಕ್ಕೇ ಎಲ್ಎಸ್ ಹೊಡಿ ಅಂದಿದ್ದು.

ಗಿಟ್‌ಹಬ್‌ನಲ್ಲಿ (ಗಿಟ್ ಕೋಡ್ ಇಡುವ ವೆಬ್‌ಸೈಟ್) ರೆಪೊ, ಅಂದರೆ ಕೋಡಿನ ಸಂಗ್ರಹ, ಮಾಡುವಾಗ 'ಪೈಥಾನ್ ಗಿಟ್‌ಇಗ್ನೋರ್ ಸೇರಿಸಲಾ' ಅಂತ ಕೇಳುತ್ತದೆ. ಗಿಟ್ ಯಾವುದನ್ನು ಬಿಟ್ಟುಬಿಡಬೇಕು ಅನ್ನುವ ಪಟ್ಟಿ ಅದು. ನಾವೆಲ್ಲ ಹೂಂ ಅನ್ನುತ್ತೇವೆ. ಆ ರೆಡಿಮೇಡ್ ಫೈಲ್‌ನಲ್ಲಿ ಪ್ಯಾಕೇಜ್ ಕಟ್ಟುವಾಗ ಹುಟ್ಟುವ ಫೋಲ್ಡರ್‌ಗಳ ಪಟ್ಟಿ ಇದೆ. 'ಬಿಲ್ಡ್', 'ಡಿಸ್ಟ್', 'ಡೌನ್‌ಲೋಡ್ಸ್', 'ಪಾರ್ಟ್ಸ್', 'ವಾರ್', ಅದರ ಜೊತೆಗೆ 'ಲಿಬ್'. ಆ ಹೆಸರಿನ ಫೋಲ್ಡರ್ ಎಲ್ಲೇ ಇದ್ದರೂ ಗಿಟ್ ಕಣ್ಣೆತ್ತಿ ನೋಡುವುದಿಲ್ಲ. ಕಮಿಟ್ ಮಾಡುವುದಿಲ್ಲ, ಸ್ಟೇಟಸ್‌ನಲ್ಲಿ ತೋರಿಸುವುದೂ ಇಲ್ಲ. ನಿನ್ನ ಲಿಬ್ ಫೋಲ್ಡರ್ ಲ್ಯಾಪ್‌ಟಾಪ್ ಬಿಟ್ಟು ಯಾವತ್ತೂ ಹೊರಗೆ ಹೋಗಿಯೇ ಇಲ್ಲ.

ಲ್ಯಾಪ್‌ಟಾಪ್‌ನಲ್ಲಿ 'ಗಿಟ್ ಚೆಕ್-ಇಗ್ನೋರ್ -ವಿ' ಅಂತ ಕೊಟ್ಟು ಮುಂದೆ ಲಿಬ್ ಒಳಗಿನ ರೇಟ್ಸ್ ಫೈಲಿನ ಹೆಸರು ಕೊಡು. ಯಾವ ಫೈಲಿನ ಎಷ್ಟನೇ ಸಾಲು ಅದನ್ನು ತಡೆಯುತ್ತಿದೆ ಅಂತ ಅದೇ ಹೇಳುತ್ತದೆ.

ಆಮೇಲೆ ಫೋಲ್ಡರ್‌ನ ಹೆಸರು ಬದಲಾಯಿಸು. 'ಲಿಬ್' ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. 'ಮಂಡಿ' ಅಂತ ಇಡು, ಒಳಗೆ ಏನಿದೆ ಅಂತ ಹೆಸರೇ ಹೇಳುತ್ತದೆ. ಇಗ್ನೋರ್ ಫೈಲ್‌ನಿಂದ ಆ ಸಾಲು ತೆಗೆದರೂ ಆಗುತ್ತದೆ, ಆದರೆ ಇನ್ನೊಂದು ಪ್ರಾಜೆಕ್ಟ್‌ನಲ್ಲಿ ಮತ್ತೆ ಇದೇ ಹಳ್ಳಕ್ಕೆ ಬೀಳುತ್ತೀಯ.

ಮತ್ತೆ ಒಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಅಷ್ಟು ದಿನದಿಂದ ಆ ಲೆಕ್ಕದ ಕೋಡ್ ನಿನ್ನ ಒಂದು ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇತ್ತು. ಗಿಟ್‌ನಲ್ಲಿ ಇದೆ ಅಂತ ನೀನು ನೆಮ್ಮದಿಯಾಗಿದ್ದೆ. ಲ್ಯಾಪ್‌ಟಾಪ್ ಕೆಟ್ಟಿದ್ದರೆ ಎಲ್ಲ ಹೋಗುತ್ತಿತ್ತು. ಈ ಎರರ್ ಈಗ ಬಂದಿದ್ದು ಒಳ್ಳೆಯದೇ ಆಯಿತು. ಈವತ್ತೇ ಪುಶ್ ಮಾಡು (ಗಿಟ್‌ಹಬ್‌ಗೆ ಕಳಿಸು).

ಸಿರಾ ಸೀಮೆ · ಮಧ್ಯಾಹ್ನ 2:45

ಇದು ನನಗೆ ಗೊತ್ತೇ ಇರಲಿಲ್ಲ. ಈಗಲೇ ನನ್ನ ರೆಪೊಗಳನ್ನು ನೋಡುತ್ತೇನೆ.

ಸಿರಾ ಸೀಮೆ · ಮಧ್ಯಾಹ್ನ 3:10

ಒಂದು ರೆಪೊದಲ್ಲಿ 'ಡೌನ್‌ಲೋಡ್ಸ್' ಅನ್ನುವ ಫೋಲ್ಡರ್ ಇತ್ತು, ಅದೂ ಗಿಟ್‌ಗೆ ಹೋಗಿರಲಿಲ್ಲ. ಅದರಲ್ಲಿ ಮೂರು ಪೈಥಾನ್ ಫೈಲ್ ಇದ್ದವು. ಅಕ್ಕ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ನಂದಿ ತಪ್ಪಲು · ಮಧ್ಯಾಹ್ನ 3:22

ಡಾಕರ್ ಇದ್ದಿದ್ದರೆ ಇದು ಬರುತ್ತಿರಲಿಲ್ಲ ಅಂತ ಹೇಳಲು ಹೊರಟಿದ್ದೆ. ಲ್ಯಾಪ್‌ಟಾಪ್‌ನಲ್ಲೇ ಇಮೇಜ್ ಕಟ್ಟಿದ್ದರೆ ಲಿಬ್ ಒಳಗೆ ಸೇರಿಕೊಳ್ಳುತ್ತಿತ್ತು, ಓಡುತ್ತಲೂ ಇತ್ತು. ಆದರೆ ಕೋಡ್ ಗಿಟ್‌ನಲ್ಲಿ ಇಲ್ಲ ಅನ್ನುವುದು ಗೊತ್ತೇ ಆಗುತ್ತಿರಲಿಲ್ಲ. ಅಕ್ಕ ಹೇಳಿದ್ದು ಸರಿ, ಎರರ್ ಬಂದಿದ್ದೇ ವಾಸಿ.

ಮುಳಬಾಗಿಲು ಮೇಷ್ಟ್ರು · ಸಂಜೆ 4:05

ರಿಕ್ವೈರ್‌ಮೆಂಟ್ಸ್ ಫೈಲ್ ಬಗ್ಗೆ ಒಂದು ಮಾತು ಉಳಿದಿತ್ತು. ಆ್ಯಪ್ ಸರಿಯಾಗಿ ಓಡಿದ ಮೇಲೆ ಸರ್ವರ್‌ನ ವೆನ್ವ್‌ನಲ್ಲಿ 'ಪಿಪ್ ಫ್ರೀಜ್' ಕೊಡಿ. ಫ್ಲಾಸ್ಕ್, ವೆರ್ಕ್‌ಜೂಗ್, ಜಿಂಜಾ, ಗುನಿಕಾರ್ನ್ ಎಲ್ಲದರ ವರ್ಷನ್ ಬರುತ್ತದೆ. ಅದನ್ನೇ ಫೈಲಿಗೆ ಬರೆದು ಗಿಟ್‌ಗೆ ಹಾಕಿ. ಮುಂದಿನ ವರ್ಷ ಸರ್ವರ್ ಬದಲಾಯಿಸಿದರೂ ಇದೇ ವರ್ಷನ್‌ಗಳೇ ಬರುತ್ತವೆ.

ಆದರೆ ವೆನ್ವ್ ಫೋಲ್ಡರ್ ಅನ್ನೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಾಪಿ ಮಾಡಬೇಡಿ. ಅದರೊಳಗಿನ ಫೈಲ್‌ಗಳಲ್ಲಿ ಪೂರ್ತಿ ದಾರಿ ಬರೆದಿರುತ್ತದೆ, ಜಾಗ ಬದಲಾದರೆ ಕೆಲಸ ಮಾಡುವುದಿಲ್ಲ. ವಿಂಡೋಸ್‌ನ ವೆನ್ವ್ ಅಂತೂ ಲಿನಕ್ಸ್‌ನಲ್ಲಿ ನಡೆಯುವುದೇ ಇಲ್ಲ.

ಗೌರಿಬಿದನೂರು ಗೆಳತಿ · ಸಂಜೆ 4:30

ಸರ್, ನನ್ನದೊಂದು ಸಣ್ಣ ಪ್ರಶ್ನೆ. ನಮ್ಮ ಸೀನಿಯರ್ ಕೊಟ್ಟ ಹಳೇ ಪ್ರಾಜೆಕ್ಟ್ ಪೈಥಾನ್ 3.12ರಲ್ಲಿ 'ನೋ ಮಾಡ್ಯೂಲ್ ನೇಮ್ಡ್ ಡಿಸ್ಟ್‌ಯುಟಿಲ್ಸ್' ಅನ್ನುತ್ತಿದೆ. ಅದು ಪೈಥಾನ್ ಜೊತೆಗೇ ಬರುತ್ತದೆ ಅಂತ ಓದಿದ್ದೆ.

ಮುಳಬಾಗಿಲು ಮೇಷ್ಟ್ರು · ಸಂಜೆ 4:41

ಬರುತ್ತಿತ್ತು ಮಗಳೇ. 2023ರ ಅಕ್ಟೋಬರ್‌ನಲ್ಲಿ 3.12 ಬಂದಾಗ ತೆಗೆದರು. 'ಸೆಟಪ್‌ಟೂಲ್ಸ್' ಇನ್‌ಸ್ಟಾಲ್ ಮಾಡಿದರೆ ಸದ್ಯಕ್ಕೆ ನಡೆಯುತ್ತದೆ, ಅದು ತನ್ನದೇ ಒಂದು ಪ್ರತಿ ಇಟ್ಟುಕೊಂಡಿದೆ. 3.12ರ ವೆನ್ವ್‌ನಲ್ಲಿ ಸೆಟಪ್‌ಟೂಲ್ಸ್ ತಾನಾಗಿ ಬರುವುದಿಲ್ಲ, ನೀನೇ ಹಾಕಬೇಕು. ಆದರೆ ಯಾವ ಲೈಬ್ರರಿ ಅದನ್ನು ಕೇಳುತ್ತಿದೆ ಅಂತ ಟ್ರೇಸ್‌ಬ್ಯಾಕ್‌ನಲ್ಲಿ (ಎರರ್ ಎಲ್ಲೆಲ್ಲಿಂದ ಬಂತು ಅನ್ನುವ ಪಟ್ಟಿ) ನೋಡು. ಆ ಲೈಬ್ರರಿಯ ಹೊಸ ವರ್ಷನ್ ಸಿಕ್ಕರೆ ಅದೇ ಒಳ್ಳೆಯದು.

ಕೋಲಾರ ಮಂಡಿ ಹುಡುಗ · ಮಂಗಳವಾರ ಬೆಳಗ್ಗೆ 10:55

ಓಡಿತು! ಓಡಿತು! ಅಕ್ಕ ಹೇಳಿದ ಕಮಾಂಡ್ ಕೊಟ್ಟರೆ ಗಿಟ್‌ಇಗ್ನೋರ್ ಫೈಲಿನ ಆ ಲಿಬ್ ಸಾಲನ್ನೇ ತೋರಿಸಿತು. ಫೋಲ್ಡರ್‌ಗೆ 'ಮಂಡಿ' ಅಂತ ಹೆಸರಿಟ್ಟು, ಏಳನೇ ಸಾಲಿನಲ್ಲೂ ಅದೇ ಹೆಸರು ಹಾಕಿ ಪುಶ್ ಮಾಡಿದೆ. ಸರ್ವರ್‌ನಲ್ಲಿ ಪುಲ್ ಮಾಡಿ ರೀಸ್ಟಾರ್ಟ್ ಕೊಟ್ಟೆ, ಹಸಿರು ಚುಕ್ಕಿ ಬಂತು.

ಈವತ್ತು ಹರಾಜಿನಲ್ಲಿ ಶ್ರೀನಿವಾಸಪುರದ ಕಡೆಯ ಒಬ್ಬ ರೈತರದು 62 ಬಾಕ್ಸ್ ಇತ್ತು. ಗುಮಾಸ್ತರು ಮೊಬೈಲ್‌ನಲ್ಲೇ ದರ ಹಾಕಿದರು. ರೈತರು ಕಾಫಿ ಕುಡಿದು ಬರುವಷ್ಟರಲ್ಲಿ ಲೆಕ್ಕ ರೆಡಿ. ಮಾವ ಒಂದು ಸಲ ಕೈಯಲ್ಲೂ ಲೆಕ್ಕ ಹಾಕಿ ನೋಡಿದರು, ಪೈಸೆ ವ್ಯತ್ಯಾಸ ಇಲ್ಲ. ನನ್ನ ಬೆನ್ನು ತಟ್ಟಿ ಹೋದರು. ನಿಮ್ಮೆಲ್ಲರಿಂದ ಆಗಿದ್ದು.

ಮೇಷ್ಟ್ರು ಹೇಳಿದ ಪಿಪ್ ಫ್ರೀಜ್ ಕೂಡ ಮಾಡಿದೆ. ನಂದಿ ತಪ್ಪಲು ಅವರೇ, ಫ್ಲಾಸ್ಕ್ 3ಕ್ಕೆ ಮುಂದಿನ ಭಾನುವಾರ ಏರಿಸುತ್ತೇನೆ, ದಿನ ಬರೆದಿಟ್ಟಿದ್ದೇನೆ.

ನಂದಿ ತಪ್ಪಲು · ಬೆಳಗ್ಗೆ 11:02

ಭಾನುವಾರ ಸಂಜೆ ಬಂದು ಕೇಳುತ್ತೇನೆ, ನೆನಪಿರಲಿ.

ಚಿಂತಾಮಣಿ ಅಕ್ಕ · ಬೆಳಗ್ಗೆ 11:10

ತುಂಬಾ ಖುಷಿ ಆಯಿತಪ್ಪ. ನಮ್ಮ ಚಿಂತಾಮಣಿ ಮಾರ್ಕೆಟ್‌ನಲ್ಲೂ ನಮ್ಮ ಅಣ್ಣ ಇನ್ನೂ ಕೈಯಲ್ಲೇ ಬರೆಯುತ್ತಿದ್ದಾರೆ. ನಿನ್ನ ಆ್ಯಪ್ ಒಂದು ಸಲ ತೋರಿಸುತ್ತೀಯಾ?

ಕೋಲಾರ ಮಂಡಿ ಹುಡುಗ · ಬೆಳಗ್ಗೆ 11:16

ಖಂಡಿತ ಅಕ್ಕ, ನೀವು ಕೇಳಬೇಕಾ. ಆದರೆ ಒಂದು ಸರಿಮಾಡಬೇಕು. ಬಿಲ್ಲನ್ನು ಪಿಡಿಎಫ್ ಮಾಡಿದರೆ ಕನ್ನಡದ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಹೋಗಿ ನಿಲ್ಲುತ್ತಿವೆ. ರೈತರ ಹೆಸರೇ ಓದಲು ಆಗುತ್ತಿಲ್ಲ.

ತಿಪಟೂರು ತೆಂಗು · ಬೆಳಗ್ಗೆ 11:21

ಅದು ಬೇರೆ ಕಥೆ, ನನಗೆ ಗೊತ್ತು. ಹೊಸ ಚರ್ಚೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ. ಯಾವ ಲೈಬ್ರರಿಯಿಂದ ಪಿಡಿಎಫ್ ಮಾಡುತ್ತಿದ್ದೀರಿ ಅಂತ ಮೊದಲ ಸಾಲಲ್ಲೇ ಹೇಳಿ.